ತಂಪು ವಲಯದ ಬೆಟ್ಟ ಕಾಡೋ, ಉಪೋಷ್ಣವಲಯದ್ದೋ? ನಡೆಯೋಕೆ ನಿಮ್ಮನ್ನ ಎಳೆಯೋದು ಯಾವುದು, ಯಾಕೆ?

ಬೂಟುಗಾಲು:
ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷ್ಯ ಇದು, ಇವತ್ತು ಬರೆದೇಬಿಡೋಣ ಅಂತ ಕೂತೆ. ಟ್ರೆಕ್ಕಿಂಗ್ ಮಾತು ಬಂದ್ರೆ ಸಾಕು, ಸುಮಾರು ಜನ ಹೇಳೋದು ಒಂದೇ, ತಂಪು ದೇಶದ ಬೆಟ್ಟ ಸರೋವರಾನೇ ಚಂದ, ಬೆಚ್ಚಗಿನ ಕಡೆ ಕಾಡು ಅಂದ್ರೆ ಬರೀ ಬೆವರು ಮತ್ತು ಜಿಗಣೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ವರ್ಷ ಜೂನಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ಸಲ್ಲಿ ಒಂದು ವಾರ ನಡೆದೆ, ಅದಾಗಿ ಎರಡು ವರ್ಷಕ್ಕೆ ಆಸ್ಟ್ರೇಲಿಯಾದ ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕಲ್ಲಿ ನಾಲ್ಕು ದಿನ, ಅದು ಪಕ್ಕಾ ಉಪೋಷ್ಣವಲಯದ, ಅಂದ್ರೆ ಉಷ್ಣವಲಯಕ್ಕೆ ತಾಗಿರೋ ಬೆಚ್ಚಗಿನ ಪಟ್ಟಿಯ ಮಳೆಕಾಡು. ಎರಡೂ ಆದ್ಮೇಲೆ ನಂಗೆ ಅನ್ಸಿದ್ದೇನು ಅಂದ್ರೆ, ನಾವು ಯಾವುದು ಚಂದ ಅಂತ ವಾದ ಮಾಡ್ತೀವಿ, ಆದ್ರೆ ವ್ಯತ್ಯಾಸ ಇರೋದು ಚಂದದಲ್ಲಲ್ಲ, ಹೊತ್ತಲ್ಲಿ. ಸಮಶೀತೋಷ್ಣ ವಲಯದಲ್ಲಿ, ಅಂದ್ರೆ ಈ ತಂಪು ಕಡೆ, ನಡೆಯೋಕೆ ಸಿಗೋ ತಿಂಗಳು ಕಮ್ಮಿ, ಆದ್ರೆ ಸಿಕ್ಕ ದಿನ ದೊಡ್ಡದು. ಉಪೋಷ್ಣವಲಯದಲ್ಲಿ ತಿಂಗಳು ಬೇಕಾದಷ್ಟು, ದಿನ ಮಾತ್ರ ಚಿಕ್ಕದು.

ಬಿಡಿಸಿ ಹೇಳ್ತೀನಿ. ಹೈಲ್ಯಾಂಡ್ಸ್ ಇರೋದು ಸುಮಾರು 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಜೂನ್ ಮೂರನೇ ವಾರದಲ್ಲಿ ಹತ್ತಿರ ಹತ್ತಿರ 18 ಗಂಟೆ ಬೆಳಕು. ಬೆಳಗ್ಗೆ ಮಳೆ ಹಿಡಿದ್ರೆ ಟೆಂಟಲ್ಲೇ ಮಲ್ಕೊಂಡಿದ್ದು ಮಧ್ಯಾಹ್ನ ಎರಡಕ್ಕೆ ಹೊರಟ್ರೂ ಬೆಟ್ಟ ಹತ್ತಿ ಇಳಿದು ಬೆಳಕಿರೋವಾಗ್ಲೇ ವಾಪಸ್ ಬರಬಹುದು. ಒಂದಿನ ರಾತ್ರಿ ಒಂಬತ್ತೂವರೆಗೆ ಶಿಖರದ ಮೇಲೆ ಕೂತಿದ್ದೆ, ಬಿಸಿಲು ಇನ್ನೂ ಓರೆಯಾಗಿ ಇಳಿಜಾರಿನ ಮೇಲೆ ಬಿದ್ದಿತ್ತು, ಕೆಳಗೆ ಸರೋವರ ತಿಕ್ಕಿದ ಹಿತ್ತಾಳೆ ತರ ಹೊಳೀತಿತ್ತು, ಕೆಳಗಿಳೀಬೇಕು ಅನ್ನೋ ಆತುರಾನೇ ಇರ್ಲಿಲ್ಲ. ಅದೇ ಬೆಟ್ಟಕ್ಕೆ ಡಿಸೆಂಬರಲ್ಲಿ ಹೋದ್ರೆ ಬೆಳಕು ಏಳು ಗಂಟೆಗೂ ಕಮ್ಮಿ, ಮೇಲೆ ಮಂಜುಗಡ್ಡೆ, ಐಸ್ ಆಕ್ಸ್ ಹಿಡಿದು ಅಭ್ಯಾಸ ಇಲ್ದೋರು ಹೋಗೋ ಹಾಗೇ ಇಲ್ಲ.

ಲ್ಯಾಮಿಂಗ್ಟನ್ 28 ಡಿಗ್ರಿ ದಕ್ಷಿಣ. ನಾನು ಹೋಗಿದ್ದು ಆಗಸ್ಟಲ್ಲಿ, ಅಂದ್ರೆ ಅಲ್ಲಿನ ಚಳಿಗಾಲ, ಒಂದು ಸ್ವೆಟರ್ ಸಾಕಾಗಿತ್ತು, ಅಲ್ಲಿ ನಡೆಯೋಕೆ ಅದೇ ಒಳ್ಳೆ ಕಾಲ. ಆದ್ರೆ ಸಂಜೆ ಐದೂವರೆಗೆ ಕತ್ತಲು, ಮರದ ಚಪ್ಪರದ ಕೆಳಗಂತೂ ನಾಲ್ಕೂವರೆಗೇ ಮಬ್ಬು. ಬೇಸಿಗೆಲಿ ದಿನ ಉದ್ದ ಇದ್ರೂ ಉಪಯೋಗ ಇಲ್ಲ, ಬೆಳಗ್ಗೆ ಹತ್ತರೊಳಗೆ ನಡೆದದ್ದೇ ನಡಿಗೆ, ಆಮೇಲೆ ಸೆಕೆ, ಮಧ್ಯಾಹ್ನ ಗುಡುಗು ಮಳೆ.

ಇನ್ನೊಂದು ಹೇಳ್ಬೇಕು. ಅಲ್ಲಿ ಎತ್ತರದ ಏಣಿನ ಮೇಲೆ ಹೋದಾಗ ಬಳ್ಳಿ, ಅತ್ತಿ ಜಾತಿ ಮರ ಎಲ್ಲ ಕಮ್ಮಿಯಾಗಿ ಇದ್ದಕ್ಕಿದ್ದಂಗೆ ಪಾಚಿ ಹೊದ್ದ ಅಂಟಾರ್ಕ್ಟಿಕ್ ಬೀಚ್ (beech) ಅನ್ನೋ ಜಾತಿಯ ಮರಗಳು ಶುರುವಾಗತ್ತೆ. ದಕ್ಷಿಣದ ಖಂಡಗಳೆಲ್ಲ ಗೊಂಡ್ವಾನ ಅನ್ನೋ ಒಂದೇ ನೆಲವಾಗಿದ್ದ ಕಾಲದ ವಂಶ, ಅದರ ಸಂಬಂಧಿಗಳು ಟಾಸ್ಮೇನಿಯಾ, ನ್ಯೂಜಿಲ್ಯಾಂಡ್, ಚಿಲಿ ಕಡೆ ಇರೋದು. ಬೆಚ್ಚಗಿನ ಕಾಡಿನ ತಲೆ ಮೇಲೆ ತಂಪು ಕಾಡಿನ ಒಂದು ತುಣುಕು ಉಳ್ಕೊಂಡಿದೆ. ನಾನು ಅಲ್ಲಿ ಒಂದು ಗಂಟೆ ಸುಮ್ನೆ ನಿಂತಿದ್ದೆ.

ನಿಮ್ಮ ಅನುಭವ ಹೇಳಿ. ಯಾವುದು ಎಳೀತು, ಯಾಕೆ?

ನಕ್ಷೆಹುಳು:
ಬೂಟುಗಾಲು ಅಣ್ಣ, ನೀವು ಹೇಳಿದ ತಿಂಗಳ ಲೆಕ್ಕ ಬರೀ ಅನಿಸಿಕೆ ಅಲ್ಲ, ವಲಯದ ವ್ಯಾಖ್ಯಾನದಲ್ಲೇ ಅದಿದೆ. ಟ್ರೆವಾರ್ಥಾ ಅನ್ನೋ ಭೂಗೋಳ ತಜ್ಞರು ಮಾಡಿದ ಹವಾಮಾನ ವಿಂಗಡಣೆ ಪ್ರಕಾರ ವರ್ಷದಲ್ಲಿ 8 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಸರಾಸರಿ ಉಷ್ಣಾಂಶ 10 ಡಿಗ್ರಿ ದಾಟಿದ್ರೆ ಉಪೋಷ್ಣ, 4ರಿಂದ 7 ತಿಂಗಳಾದ್ರೆ ಸಮಶೀತೋಷ್ಣ. ನಡೆಯೋರ ಕ್ಯಾಲೆಂಡರನ್ನೇ ಗೆರೆ ಮಾಡಿ ನಕ್ಷೆ ಮೇಲೆ ಎಳೆದಂಗಿದೆ ಅಲ್ವಾ.

ಆದ್ರೆ ಒಂದು ತಕರಾರು. ಉಪೋಷ್ಣ ಅಂದ ತಕ್ಷಣ ಎಲ್ರೂ ಹಸಿ ಕಾಡನ್ನೇ ಕಣ್ಣ ಮುಂದೆ ತರ್ತಾರೆ, ಕೆಲವರಂತೂ ಉಷ್ಣವಲಯಾನೂ ಉಪೋಷ್ಣವಲಯಾನೂ ಒಂದೇ ಅಂದ್ಕೊಂಡಿದ್ದಾರೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರೋದು ಉಷ್ಣವಲಯ, ಅದರಾಚೆಗೆ ಸುಮಾರು 35, 40 ಡಿಗ್ರಿವರೆಗಿನ ಪಟ್ಟಿ ಉಪೋಷ್ಣ. ಸಮಭಾಜಕದ ಹತ್ತಿರ ಮೇಲೆದ್ದ ಗಾಳಿ 30 ಡಿಗ್ರಿ ಆಸುಪಾಸಲ್ಲಿ ಒಣಗಿ ಕೆಳಗಿಳಿಯೋದ್ರಿಂದ ಸಹಾರಾ, ಕಲಹರಿ ತರದ ಮರುಭೂಮಿಗಳೂ ಇದೇ ಪಟ್ಟಿಯ ಆಸುಪಾಸಲ್ಲೇ ಬರತ್ತೆ. ಹುಲ್ಲುಗಾವಲಿನ ಬೆಟ್ಟಾನೂ ಇದೆ, ದಕ್ಷಿಣ ಆಫ್ರಿಕಾದ ಡ್ರ್ಯಾಕೆನ್ಸ್‌ಬರ್ಗ್ 29 ಡಿಗ್ರಿ ದಕ್ಷಿಣ, ಅಲ್ಲಿ ಮರಾನೇ ಕಮ್ಮಿ, ಕಣ್ಣು ಹರಿಯೋವರೆಗೂ ಹುಲ್ಲು, ಬಂಡೆಗೋಡೆ, 948 ಮೀಟರ್ ಟುಗೆಲಾ ಜಲಪಾತ. ಅದರ ಫೋಟೋ ತೋರಿಸಿ ಸ್ಕಾಟ್ಲೆಂಡ್ ಅಂದ್ರೂ ಎಷ್ಟೋ ಜನ ನಂಬ್ತಾರೆ. ಅದಕ್ಕೇ ವಲಯದ ಹೆಸರು ನೋಡಿ ತೀರ್ಮಾನ ಮಾಡೋದಕ್ಕಿಂತ ಎತ್ತರ ನೋಡಬೇಕು ಅಂತೀನಿ, 1000 ಮೀಟರ್ ಹತ್ತಿದ್ರೆ ಸರಾಸರಿ ಆರೂವರೆ ಡಿಗ್ರಿ ಇಳಿಯತ್ತೆ.

ಹಕ್ಕಿಹಿಂದೆ:
ಹೊತ್ತಿನ ಮಾತು ಒಪ್ಪಿದೆ, ಹಕ್ಕಿ ನೋಡೋರಿಗಂತೂ ಅದೇ ಎಲ್ಲ. ಮೇ ತಿಂಗಳಲ್ಲಿ ಯುರೋಪಿನ ಕಾಡಲ್ಲಿ ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೇ ಹಾಡು ಶುರು, ಒಂದಾದ್ಮೇಲೆ ಒಂದು ಸೇರ್ಕೊಂಡು ಅರ್ಧ ಗಂಟೆಲಿ ಇಡೀ ಕಾಡು ತುಂಬ್ಕೊಳತ್ತೆ. ಗಂಡುಗಳೆಲ್ಲ ಕೆಲವೇ ವಾರಗಳಲ್ಲಿ ಜೋಡಿ ಹುಡುಕಿ ಮರಿ ಮಾಡಿ ಮುಗಿಸ್ಬೇಕು, ಋತು ಚಿಕ್ಕದಾಗಿರೋದ್ರಿಂದಾನೇ ಆ ಅಬ್ಬರ. ಅದೇ ಕಾಡಿಗೆ ಆಗಸ್ಟಲ್ಲಿ ಹೋಗಿ ನೋಡಿ, ಮೌನ.

ಉಪೋಷ್ಣ ಕಡೆ ಅಂಥ ಒಂದೇ ಅಬ್ಬರ ಇರಲ್ಲ, ಆದ್ರೆ ಚಳಿಗಾಲದಲ್ಲಿ ಉತ್ತರದ ಹಕ್ಕಿಗಳೆಲ್ಲ ಇಳಿದು ಬರೋದು ಅಲ್ಲಿಗೇ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ಗೆ ನಾನು ಫೆಬ್ರವರಿಲಿ ಹೋಗಿದ್ದೆ. ಒಣ ಕಾಲದಲ್ಲಿ ನೀರು ಇಳಿದು ಮೀನೆಲ್ಲ ಉಳಿದ ಗುಂಡಿಗಳಲ್ಲಿ ಸೇರ್ಕೊಳತ್ತೆ, ಕೊಕ್ಕರೆ, ಬಕ, ಚಮಚ ಕೊಕ್ಕಿನವು ಎಲ್ಲ ಆ ಗುಂಡಿ ಸುತ್ತ ಸಂತೆ ಕಟ್ಟಿರ್ತವೆ, ದಡದಲ್ಲಿ ಅಲಿಗೇಟರ್ ಬಿಸಿಲು ಕಾಯ್ತಾ ಬಿದ್ದಿರತ್ತೆ. ಒಂದೇ ಜಾಗದಲ್ಲಿ ಕೂತು ಮೂರು ಗಂಟೆ ಕಳೆದೆ, ಎದ್ದು ನಡೆಯೋ ಅಗತ್ಯಾನೇ ಬೀಳಲಿಲ್ಲ. ಮೇ ಇಂದ ಅಕ್ಟೋಬರ್ ಮಳೆಗಾಲದಲ್ಲಿ ಹೋದ್ರೆ ನೀರು ಎಲ್ಲಾ ಕಡೆ ಹರಡಿ ಹಕ್ಕಿ ಚದುರಿ ಹೋಗಿರ್ತವೆ, ಉಳಿಯೋದು ಸೊಳ್ಳೆ.

ಮಂಜುಹನಿ:
ನಾನು ಇಬ್ಬರು ಮಕ್ಕಳನ್ನ ಕಟ್ಕೊಂಡು ಹೋಗೋಳು, ನನ್ನ ಲೆಕ್ಕ ಬೇರೆ. ಎಲೆ ಉದುರಿಸೋ ಬೀಚ್ ಮರಗಳ ಕಾಡಲ್ಲಿ ನೆಲ ಖಾಲಿ ಇರತ್ತೆ, ಕಂಬಗಳ ಮಧ್ಯೆ ಓಡಾಡಿದಂಗೆ. ಮಕ್ಕಳು ಐವತ್ತು ಹೆಜ್ಜೆ ಮುಂದೆ ಓಡಿದ್ರೂ ಕಣ್ಣಿಗೆ ಕಾಣ್ತಾರೆ. ಉಪೋಷ್ಣ ಮಳೆಕಾಡಲ್ಲಿ ದಾರಿ ಬಿಟ್ಟು ಎರಡು ಹೆಜ್ಜೆ ಹೋದ್ರೆ ಮಗು ಕಾಣಲ್ಲ, ಬಳ್ಳಿ ಮುಳ್ಳು ಬಟ್ಟೆ ಹಿಡ್ಕೊಳತ್ತೆ, ಆಸ್ಟ್ರೇಲಿಯಾದಲ್ಲಂತೂ ಮುಟ್ಟಿದ್ರೆ ದಿನಗಟ್ಟಲೆ ಉರಿಯೋ ಎಲೆ ಇರೋ ಮರಾನೂ ಇದೆ. ಮುಟ್ಟಬೇಡ ಮುಟ್ಟಬೇಡ ಅಂತ ಹೇಳ್ತಾನೇ ದಿನ ಮುಗೀತು, ಮಕ್ಕಳಿಗೆ ಕಾಡು ಅಂದ್ರೆ ಮುಟ್ಟೋದೇ ಅಲ್ವಾ.

ಮತ್ತೆ ಶರತ್ಕಾಲದ ಬಣ್ಣ. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾದಾಗ ಎಲೆಯ ಹಸಿರು ಕರಗತ್ತೆ, ಒಳಗೆ ಮೊದಲಿಂದ ಇದ್ದ ಹಳದಿ ಹೊರಗೆ ಬರತ್ತೆ, ಕೆಂಪು ಮಾತ್ರ ಆಗಷ್ಟೇ ಹೊಸದಾಗಿ ತಯಾರಾಗೋದು. ನನ್ನ ಮಗಳಿಗೆ ಇದನ್ನ ಹೇಳಿದಾಗ ಅವಳು ಕೆಂಪು ಎಲೆಗಳನ್ನ ಬೇರೆ, ಹಳದಿ ಎಲೆಗಳನ್ನ ಬೇರೆ ಮಾಡ್ಕೊಂಡು ಅಪ್ಪಂಗೆ ಇದು ಹಳೇ ಬಣ್ಣ ಇದು ಹೊಸ ಬಣ್ಣ ಅಂತ ಪಾಠ ಮಾಡ್ತಿದ್ಲು. ಅಂಥದ್ದು ವರ್ಷಪೂರ್ತಿ ಹಸಿರಿರೋ ಕಾಡಲ್ಲಿ ಸಿಗಲ್ಲ.

ಎಲೆತೊಟ್ಟು:
ಮಂಜುಹನಿ ಮೇಡಂ, ಆ ನೆಲ ಯಾಕೆ ಖಾಲಿ ಅನ್ನೋದಕ್ಕೆ ಒಂದೆರಡು ಕಾರಣ ಹೇಳ್ತೀನಿ, ನಂಗೆ ತುಂಬಾ ಇಷ್ಟದ ವಿಷ್ಯ. ಬೀಚ್ ಎಲೆ ಚಪ್ಪರ ಬೇಸಿಗೆಲಿ ಎಷ್ಟು ದಟ್ಟ ಅಂದ್ರೆ ಕೆಳಗೆ ಗಿಡ ಬೆಳೆಯೋಷ್ಟು ಬೆಳಕೇ ಇಳಿಯಲ್ಲ, ಅದಕ್ಕೇ ನೆಲದ ಹೂವುಗಳೆಲ್ಲ ಚಪ್ಪರ ಮುಚ್ಚೋ ಮುಂಚೆ ವಸಂತದ ಕೆಲವೇ ವಾರದಲ್ಲಿ ಅರಳಿ ಮುಗಿಸ್ತವೆ. ಉದುರಿದ ಎಲೆ ಚಳಿಗೆ ನಿಧಾನ ಕೊಳೆಯೋದ್ರಿಂದ ದಪ್ಪ ಹಾಸಿಗೆ ಆಗತ್ತೆ. ಬಳ್ಳಿಗಳ ಕತೆ ಇನ್ನೂ ಚಂದ, ದೊಡ್ಡ ಬಳ್ಳಿಗಳು ನೀರನ್ನ ಅಷ್ಟೆತ್ತರ ಎಳೆಯೋಕೆ ಅಗಲವಾದ ನಾಳ ಇಟ್ಕೊಂಡಿರ್ತವೆ, ಆ ನಾಳದ ನೀರು ಹೆಪ್ಪುಗಟ್ಟಿ ಕರಗಿದಾಗ ಗಾಳಿಗುಳ್ಳೆ ಸಿಕ್ಕಿ ಹರಿವು ಕಟ್ ಆಗತ್ತೆ. ಅಂದ್ರೆ ಗಟ್ಟಿಯಾಗಿ ಹಿಮ ಬೀಳೋ ಕಡೆ ಬಳ್ಳಿ ಕಮ್ಮಿ. ನೀವು ಮಕ್ಕಳನ್ನ ನಿಶ್ಚಿಂತೆಯಾಗಿ ಓಡೋಕೆ ಬಿಡೋದರ ಹಿಂದೆ ಹಿಮದ ಕೈ ಇದೆ.

ಆದ್ರೆ ಬಳ್ಳಿ ಇಲ್ಲದ ಕಾಡಲ್ಲಿ ನಂಗೆ ಏನೋ ಕಮ್ಮಿ ಅನ್ಸತ್ತೆ. ಒಂದೇ ಮರದ ಕೊಂಬೆ ಮೇಲೆ ಜರೀಗಿಡ, ಆರ್ಕಿಡ್, ಪಾಚಿ, ಅದರ ಮೇಲೆ ಇನ್ನೊಂದು ಗಿಡ, ಒಂದು ಮರ ನೋಡೋಕೇ ಅರ್ಧ ದಿನ ಬೇಕು. ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಎಣಿಸೋರಿಗೆ ತಂಪು ಕಾಡು, ಒಂದೇ ಕಡೆ ನಿಂತು ನೋಡೋರಿಗೆ ಬೆಚ್ಚಗಿನ ಕಾಡು ಅಂತ ನನ್ನ ಅನುಭವ.

ಕಲ್ಲುದಾರಿ:
ಎಲ್ಲಾ ಸರಿ ಬರ್ದೀರಿ, ಆದ್ರ ಒಂದು ಮಾತು ಯಾರೂ ಎತ್ತಿಲ್ರೀ. ತಂಪು ಅಂದ್ರ ಸೇಫ್ ಅಂತ ಮಂದಿ ತಿಳ್ಕೊಂಡಾರ. ನಾನು ನ್ಯೂಜಿಲ್ಯಾಂಡ್‌ನ್ಯಾಗ ಡಿಸೆಂಬರ್ ತಿಂಗಳದಾಗ, ಅಂದ್ರ ಅಲ್ಲಿ ಬ್ಯಾಸಗಿ, ಮಳಿ ಗಾಳಿ ಎರಡೂ ಹೊಡದು ಕಾಟನ್ ಶರ್ಟ್ ಒದ್ದಿ ಆಗಿ ನಡುಗಾಕ ಹತ್ತಿದೆ. ಆವತ್ತು ಏನೂ ಹಿಮ ಇರ್ಲಿಲ್ಲ, ಎಂಟೊಂಬತ್ತು ಡಿಗ್ರಿ ಇತ್ತು ಅಷ್ಟ. ಸ್ವಲ್ಪ ಹೊತ್ತಿಗೆ ನಡುಕ ನಿಂತ್ತು, ನಾನು ಆರಾಮ ಆದೆ ಅಂತ ತಿಳ್ಕೊಂಡೆ, ಜೊತಿಗಿದ್ದಾವ ನನ್ನ ಮಾತು ತೊದಲೂದು ಕೇಳಿ ಕೂಡ್ಸಿ ಬಟ್ಟಿ ಬದಲಿಸಿ ಸ್ಲೀಪಿಂಗ್ ಬ್ಯಾಗಿನ್ಯಾಗ ಹಾಕಿದ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗ ಇಳದ್ರ ಹೈಪೋಥರ್ಮಿಯಾ, ತಲಿ ಓಡೂದಿಲ್ಲ, ತನಗ ಏನಾಗ್ಯದ ಅಂತ ತನಗ ಗೊತ್ತಾಗೂದಿಲ್ಲ. ಅವತ್ತಿನಿಂದ ಕಾಟನ್ ಬಿಟ್ಟು ಉಣ್ಣಿ ಬಟ್ಟಿ ಅಷ್ಟ.

ಸೆಕಿ ಕಡೆದೂ ಹಂಗ ಅದ. 32 ಡಿಗ್ರಿ ಅಂದ್ರ ಏನೂ ಅಲ್ಲ ಅನಸ್ತದ, ಆದ್ರ ತೇವಾಂಶ 70 ಪರ್ಸೆಂಟ್ ಇದ್ರ ಮೈಗೆ ಅದು 40 ಡಿಗ್ರಿ ಲೆಕ್ಕ, ಬೆವರು ಹರೀತದ ಖರೆ ಆರೂದಿಲ್ಲ, ಆರಲಿಲ್ಲ ಅಂದ್ರ ಮೈ ತಂಪಾಗೂದಿಲ್ಲ. ಡ್ರ್ಯಾಕೆನ್ಸ್‌ಬರ್ಗ್ ಹೆಸರು ತಗದ್ರಲ್ಲ ನಕ್ಷೆಹುಳು ಸರ್, ಅಲ್ಲಿ ಬ್ಯಾಸಗ್ಯಾಗ ಮಧ್ಯಾಹ್ನ ಆತಂದ್ರ ಸಿಡಿಲು. ಬಯಲು ಹುಲ್ಲಿನ ಗುಡ್ಡದ ಮ್ಯಾಲ ನೀವ ಎಲ್ಲಾರಕಿಂತ ಎತ್ತರದ ವಸ್ತು. ನಸುಕಿನ್ಯಾಗ ಹೊಂಟು ಮಧ್ಯಾಹ್ನದೊಳಗ ಇಳದು ಬಿಡ್ಬೇಕ್ರಿ.

ಮಂಜುಹನಿ:
ಕಲ್ಲುದಾರಿ ಅಣ್ಣ ಹೇಳಿದ್ದು ಓದಿ ಎದೆ ಧಸಕ್ ಅಂತು. ನಾನು ಒಂದು ಸೇರಿಸ್ತೀನಿ, ಉಣ್ಣೆ ಹುಳ, ಅದೇ ಉಣುಗು. ಜಿಗಣೆ ಕಚ್ಚಿದ್ರೆ ಎಲ್ರೂ ಕಿರುಚ್ತಾರೆ, ಆದ್ರೆ ಅದು ರಕ್ತ ಕುಡಿದು ಬಿದ್ದು ಹೋಗತ್ತೆ, ಸಾಮಾನ್ಯವಾಗಿ ಅಷ್ಟೇ. ತಂಪು ಕಾಡಿನ ಉಣುಗು ಎಳ್ಳು ಕಾಳಿನಷ್ಟಿರತ್ತೆ, ನೋವೇ ಆಗಲ್ಲ, ಲೈಮ್ ಕಾಯಿಲೆ ತರೋದು ಅದು. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಕೊಂಡಿದ್ರೆ ಸೋಂಕು ಹತ್ತತ್ತೆ, ಅದಕ್ಕೇ ದಿನಾ ಸಂಜೆ ಮಕ್ಕಳ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ತಲೆಕೂದಲಲ್ಲಿ ಹುಡುಕ್ತೀನಿ, ಸಿಕ್ರೆ ಚಿಮುಟದಲ್ಲಿ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರ ಎಳೆಯೋದು. ಎರಡು ವಲಯದಲ್ಲಿ ಯಾವುದು ಅಂತ ಯಾರಾದ್ರೂ ಕೇಳಿದ್ರೆ ಈಗ ಹುಳದ ಭಯಕ್ಕೆ ತಂಪು ಕಡೆ ಹೋಗ್ತೀನಿ ಅನ್ನೋ ಕಾರಣ ನಾನು ಕೊಡಲ್ಲ.

ಹುಟ್ಟುಗೋಲು:
ಎಲ್ರೂ ನಡಿಗೆ ನಡಿಗೆ ಅಂತಿದೀರ, ನೀರಿನ ಮೇಲೂ ಒಮ್ಮೆ ನೋಡಿ. ತಂಪು ಸರೋವರ ನೋಡೋಕೆ ಗಾಜು, ಆದ್ರೆ ನೀರು 15 ಡಿಗ್ರಿಗಿಂತ ಕೆಳಗಿದ್ರೆ ಬಿದ್ದ ತಕ್ಷಣ ಎದೆ ತಾನಾಗೇ ಗಾಳಿ ಎಳ್ಕೊಳತ್ತೆ, ಆ ಕ್ಷಣ ತಲೆ ನೀರೊಳಗಿದ್ರೆ ಈಜು ಬರೋದು ಬರದಿರೋದು ಲೆಕ್ಕಕ್ಕೇ ಬರಲ್ಲ. ಲೈಫ್ ಜಾಕೆಟ್ ಇಲ್ಲದೆ ಕಯಾಕ್ ಹತ್ತಲೇಬೇಡಿ. ಹಕ್ಕಿಹಿಂದೆಯವರು ಹೇಳಿದ ಎವರ್‌ಗ್ಲೇಡ್ಸಲ್ಲಿ ಮ್ಯಾಂಗ್ರೋವ್ ಕಾಡಿನ ಒಳಗೆ ಸುಮಾರು 160 ಕಿಲೋಮೀಟರ್ ದೋಣಿ ದಾರಿ ಇದೆ, ಎಷ್ಟೋ ಕಡೆ ಒಣನೆಲ ಇಲ್ಲ, ನೀರಿನ ಮೇಲೆ ಕಂಬ ನಿಲ್ಲಿಸಿ ಹಾಕಿರೋ ಮರದ ಅಟ್ಟಣೆ ಮೇಲೆ ಟೆಂಟ್ ಹಾಕೋದು. ರಾತ್ರಿ ಕೆಳಗೆ ನೀರು ಉಸಿರಾಡೋ ಸದ್ದು, ಮೀನು ಹಾರಿ ಬೀಳೋ ಸದ್ದು. ನಂಗೆ ಆ ನಾಲ್ಕು ರಾತ್ರಿಗೆ ಸಮ ಆದದ್ದು ಇಲ್ಲಿವರೆಗೆ ಸಿಕ್ಕಿಲ್ಲ.

ನಿಧಾನ ನಡಿಗೆ:
ನನಗೆ ಈಗ 68. ಮೊದಲು ಬೆಟ್ಟ ಹತ್ತೋದೇ ಗುರಿ ಆಗಿತ್ತು, ಈಗ ಮಂಡಿ ಇಳಿಜಾರಲ್ಲಿ ನೋಯುತ್ತೆ. ಹಾಗಾಗಿ ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದ ಬಗ್ಗೆ ಬರೀತೀನಿ. ಅಕ್ಷಾಂಶ 32 ಮುಕ್ಕಾಲು ಡಿಗ್ರಿ, ಅಟ್ಲಾಂಟಿಕ್ ಮಧ್ಯೆ. ಬೆಟ್ಟದ ಹಸಿ ಕಡೆಯಿಂದ ಒಣ ಕಡೆ ಹೊಲಗಳಿಗೆ ನೀರು ಒಯ್ಯೋಕೆ ಶತಮಾನಗಳ ಹಿಂದಿನಿಂದ ಕಡಿದ ಕಾಲುವೆಗಳಿವೆ, ಲೆವಾಡಾ ಅಂತ ಹೆಸರು. ನೀರು ಮೆಲ್ಲಗೆ ಹರಿಯಬೇಕಲ್ಲ, ಅದಕ್ಕೆ ಕಾಲುವೆ ಹತ್ತಿರ ಹತ್ತಿರ ಸಮತಟ್ಟು, ಪಕ್ಕದ ಕಾಲುದಾರಿಯೂ ಸಮತಟ್ಟು. 900 ಮೀಟರ್ ಎತ್ತರದ ದಟ್ಟ ಕಾಡಿನೊಳಗೆ ಏರಿಳಿತ ಇಲ್ಲದೆ ಗಂಟೆಗಟ್ಟಲೆ ನಡೆಯಬಹುದು. ಆ ಕಾಡು ಲಾರೆಲ್ ಜಾತಿಯದು, ಒಂದು ಕಾಲಕ್ಕೆ ದಕ್ಷಿಣ ಯುರೋಪಿನಲ್ಲೆಲ್ಲ ಹರಡಿತ್ತು, ಹವೆ ಬದಲಾದಾಗ ಅಲ್ಲಿ ಅಳಿದು ಇಂಥ ದ್ವೀಪಗಳಲ್ಲಿ ಉಳೀತು. 1999ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ಸೆಕೆಯೂ ಇಲ್ಲ, ಕೊರೆಯೋ ಚಳಿಯೂ ಇಲ್ಲ, ಸಮುದ್ರ ಎರಡನ್ನೂ ತಡೆಯುತ್ತೆ.

ಬೂಟುಗಾಲು ಅವರೇ, ನಿಮ್ಮ ಹೊತ್ತಿನ ಮಾತಿಗೆ ನನ್ನ ತಿದ್ದುಪಡಿ ಒಂದೇ. ವಯಸ್ಸಾದವರಿಗೆ 18 ಗಂಟೆ ಬೆಳಕು ಬೇಕಿಲ್ಲ, ಐದು ಗಂಟೆ ಒಳ್ಳೆ ಹವೆ ಸಾಕು, ಆದರೆ ಅದು ವರ್ಷದ ಯಾವ ತಿಂಗಳಲ್ಲಿ ಹೋದರೂ ಸಿಗಬೇಕು. ಮಂಡಿ ಸರಿ ಇರೋ ತಿಂಗಳಲ್ಲಿ ಹೋಗೋಕೆ ಆಗುತ್ತಲ್ಲ ಅದಕ್ಕೆ.

ಬೂಟುಗಾಲು:
ನಿಧಾನ ನಡಿಗೆ ಸರ್, ಇದನ್ನ ನಾನು ಯೋಚ್ನೆ ಮಾಡಿರ್ಲೇ ಇಲ್ಲ. ನಿಜ ಹೇಳ್ಬೇಕಂದ್ರೆ ಈ ಪ್ರಶ್ನೆ ಎತ್ತಿದ್ದಕ್ಕೆ ಒಂದು ಕಾರಣ ಇದೆ. ಮುಂದಿನ ವರ್ಷ ಅಪ್ಪನ್ನ ಕರ್ಕೊಂಡು ಹೋಗ್ಬೇಕು, ಅವರಿಗೆ 67, ಜೊತೆಗೆ ಅಕ್ಕನ ಮಗ, 11 ವರ್ಷ. ಹತ್ತು ದಿನ ರಜ. ಚಿಕ್ಕವನಿದ್ದಾಗ ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕಾಡು ತೋರಿಸಿದ್ದು, ಈಗ ಅವರಿಗೆ ಹೊಸದೊಂದು ಕಾಡು ತೋರಿಸ್ಬೇಕು ಅಂತ ಆಸೆ. ತಂಪು ಕಾಡೂ ಬೆಚ್ಚಗಿನ ಕಾಡೂ ಎರಡೂ ಒಂದೇ ಪ್ರವಾಸದಲ್ಲಿ ಸಿಗೋ ಜಾಗ ಇದ್ಯಾ?

ಎಲೆತೊಟ್ಟು:
ಇದೆ, ಜಪಾನಿನ ಯಾಕುಶಿಮಾ. 30 ಡಿಗ್ರಿ ಉತ್ತರದಲ್ಲಿರೋ ಪುಟ್ಟ ದುಂಡು ದ್ವೀಪ. ಕರಾವಳಿಲಿ ಅತ್ತಿ ಜಾತಿಯ ಬಿಳಲು ಮರ, ಮೇ ಇಂದ ಜುಲೈವರೆಗೆ ಕಡಲಾಮೆ ಮೊಟ್ಟೆ ಇಡೋ ಮರಳ ದಡ. ಅಲ್ಲಿಂದ ಮೇಲೆ ಹತ್ತಿದ್ರೆ ಸುಗಿ ಅನ್ನೋ ಸೂಜಿ ಎಲೆಯ ದೊಡ್ಡ ಮರದ ಕಾಡು, ಇನ್ನೂ ಮೇಲೆ ಕುಳ್ಳ ಬಿದಿರು, ರೋಡೋಡೆಂಡ್ರಾನ್, ತುದಿ 1936 ಮೀಟರ್, ಚಳಿಗಾಲದಲ್ಲಿ ಅಲ್ಲಿ ಹಿಮ. ಬೂಟುಗಾಲು ಅವರು ಲ್ಯಾಮಿಂಗ್ಟನ್ನಲ್ಲಿ ನಿಂತು ನೋಡಿದ್ದು ಒಂದು ತುಣುಕು, ಇಲ್ಲಿ ಅದು ಇಡೀ ಏಣಿ.

ನಕ್ಷೆಹುಳು:
ಎಲೆತೊಟ್ಟು ಹೇಳಿದ್ದು ಸರಿ, ನಂಗೂ ಅದೇ ಹೊಳೀತು, ಆದ್ರೆ 67ರ ಮಂಡಿಗೆ ಹುಷಾರು. ಅಲ್ಲಿ ಎಲ್ರೂ ನೋಡೋಕೆ ಹೋಗೋದು ಜೋಮೊನ್ ಸುಗಿ ಅನ್ನೋ ಹಳೇ ಮರ, ಬುಡದ ಸುತ್ತಳತೆ 16 ಮೀಟರ್ ಮೇಲೆ. ಹೋಗಿ ಬರೋಕೆ ಸುಮಾರು 22 ಕಿಲೋಮೀಟರ್, ಹತ್ತು ಗಂಟೆ ಹಿಡಿಯತ್ತೆ, ಮೊದಲ ಭಾಗ ಹಳೇ ಮರಸಾಗಣೆ ರೈಲು ಹಳಿ ಮೇಲೆ ಸಮತಟ್ಟು, ಕೊನೇ ಭಾಗ ಕಡಿದಾದ ಮೆಟ್ಟಿಲು. ಹುಡುಗ ಹೋಗ್ತಾನೆ, ಅಪ್ಪನಿಗೆ ಕಷ್ಟ. ಬದಲಿಗೆ ಶಿರತಾನಿ ಉನ್ಸುಯ್ಕ್ಯೋ ಕಣಿವೆಲಿ ಚಿಕ್ಕ ಸುತ್ತುಗಳಿವೆ, ಪಾಚಿ ಕಾಡು ನೋಡೋಕೆ ಅದೇ ಸಾಕು. ಮಳೆ ಮಾತ್ರ ಜೋರು, ತಿಂಗಳಲ್ಲಿ 35 ದಿನ ಮಳೆ ಅಂತ ಅಲ್ಲಿನ ಮಾತೇ ಇದೆ.

ಬೂಟುಗಾಲು:
ರಾತ್ರಿ ಅಪ್ಪನ್ನ ಕೂರಿಸ್ಕೊಂಡು ಎರಡೂ ಜಾಗದ ಫೋಟೋ ತೋರಿಸ್ದೆ. ಯಾಕುಶಿಮಾ ಪಾಚಿ ನೋಡಿ ಸುಮ್ನಿದ್ರು. ಮಡೈರಾದ ಕಾಲುವೆ ನೋಡಿದ ತಕ್ಷಣ ಕನ್ನಡಕ ಹಾಕ್ಕೊಂಡ್ರು, ಬಂಡೆಲಿ ನೀರಿನ ಇಳಿಜಾರು ಹೇಗೆ ಹಿಡಿದ್ರು ನೋಡೋ ಅಂತ ಅರ್ಧ ಗಂಟೆ ಅದೇ ಮಾತು. ಮಡೈರಾನೇ ಆಗಲಿ. ಯಾಕುಶಿಮಾಗೆ ನಾನೂ ಹುಡುಗಾನೂ ಇನ್ನೊಂದು ವರ್ಷ ಹೋಗ್ತೀವಿ. ಸರ್, ಮೊದಲ ದಿನಕ್ಕೆ ಯಾವ ಲೆವಾಡಾ ಹೇಳ್ತೀರಿ, ಏನೇನು ತಗೊಂಡು ಹೋಗ್ಬೇಕು?

ನಿಧಾನ ನಡಿಗೆ:
ತುಂಬಾ ಸಂತೋಷ ಆಯ್ತು ಓದಿ. ಕಾಲ ಮೇ ಅಥವಾ ಜೂನ್ ಇಟ್ಕೊಳ್ಳಿ, ಚಳಿಗಾಲದಲ್ಲಿ ಮಳೆ ಜಾಸ್ತಿ, ಕಲ್ಲು ಜಾರುತ್ತೆ, ಕೆಲವು ದಾರಿ ಭೂಕುಸಿತಕ್ಕೆ ಮುಚ್ಚಿರುತ್ತವೆ, ಹಿಂದಿನ ಸಂಜೆ ವಿಚಾರಿಸದೆ ಹೊರಡಬೇಡಿ. ಕಾಲ್ದೆರಾಂವ್ ವೆರ್ದ್ ಅನ್ನೋ ಜಲಪಾತದ ದಾರಿ ಚಂದ, ಹೋಗಿ ಬರೋಕೆ 13 ಕಿಲೋಮೀಟರ್, ಆದರೆ ಅದನ್ನ ಮೂರನೇ ದಿನಕ್ಕೆ ಇಡಿ. ಸಮತಟ್ಟು ಅಂದೆ ನಿಜ, ಆದರೆ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಪ್ರಪಾತ, ದಾರಿ ಕೆಲವು ಕಡೆ ಒಂದೇ ಆಳು ಹಿಡಿಯುವಷ್ಟು. ಎತ್ತರ ನೋಡಿದರೆ ತಲೆ ಸುತ್ತುತ್ತಾ ಅಂತ ಅಪ್ಪನನ್ನ ಈಗಲೇ ಕೇಳಿ. ಮೊದಲ ದಿನ ಯಾವುದಾದರೂ ಚಿಕ್ಕ ದಾರಿಯಲ್ಲಿ ಒಂದು ಗಂಟೆ ಹೋಗಿ ನೋಡಿ, ಎದುರಿಂದ ಬರೋರಿಗೆ ಜಾಗ ಬಿಡುವಾಗ ಬೆಟ್ಟದ ಕಡೆ ನಿಲ್ಲಿ, ಹುಡುಗ ನಿಮ್ಮ ಮುಂದೆ ನಡೀಲಿ. ಕಾಲ್ದೆರಾಂವ್ ದಾರಿಯಲ್ಲಿ ನಾಲ್ಕು ಸುರಂಗ ಇವೆ, ಒಳಗೆ ದೀಪ ಇಲ್ಲ, ಮೂವರಿಗೂ ತಲೆಗೆ ಕಟ್ಟೋ ಟಾರ್ಚ್ ಬೇಕು, ಕೈ ಟಾರ್ಚ್ ಬೇಡ, ಒಂದು ಕೈ ಯಾವಾಗಲೂ ಗೋಡೆ ಮೇಲಿರಬೇಕು. ಚಾವಣಿ ತಗ್ಗು, ಅಪ್ಪನಿಗೆ ದಪ್ಪ ಟೋಪಿ ಹಾಕಿಸಿ. ಸುರಂಗದ ಒಳಗೆ ಅರ್ಧ ದಾರಿಯಲ್ಲಿ ಒಂದು ನಿಮಿಷ ಮೂವರೂ ದೀಪ ಆರಿಸಿ ನಿಲ್ಲಿ, ಕಾಲುವೆ ನೀರು ಹರಿಯೋದು ಆಗ ಪೂರ್ತಿ ಕೇಳುತ್ತೆ.